ಸಿಟ್ಟಿನ ಗಂಟು ಕಡಿಯುವ ದೇವು

ಗಂಗೊಳ್ಳಿ ಬಂದರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಐಸು ತುಂಬುವವರ ಗಲಾಟೆಯ ನಡುವೆ ದೇವು ಮೊಗವೀರರು ಕಾಲು ಚಾಚಿ ಕೂತಿದ್ದಾರೆ. ಹರಿದ ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ದಾರ ಸುತ್ತಿದ ಸೂಜಿ ಆಡಿಸುತ್ತಿದ್ದಾರೆ. ಒಂದು ಗಂಟು ಬಿದ್ದದ್ದು ನನ್ನ ಕಣ್ಣಿಗೆ ಕಾಣುವುದರೊಳಗೆ ಇನ್ನೊಂದು ಬಿದ್ದಾಗಿರುತ್ತದೆ.

ಇದ್ದಕ್ಕಿದ್ದಂತೆ ಸೂಜಿ ನಿಲ್ಲುತ್ತದೆ. ದೇವು ಚೂರಿ ತೆಗೆದು, ಆಗಷ್ಟೇ ಹಾಕಿದ ಹದಿನೆಂಟು ಗಂಟುಗಳನ್ನೂ ಕಡಿದು ಹಾಕುತ್ತಾರೆ!

ಬೋಟಿನ ಮಾಲೀಕ ಉಮಾನಾಥ ಓಡಿ ಬರುತ್ತಾರೆ. "ಹ್ವಾಯ್ ದೇವಣ್ಣ, ಎಂತ ಮಾರಾಯ್ರೆ ಇದ್! ಉಳ್ದ ಬೋಟೆಲ್ಲ ಅಳಿವೆ ದಾಟಿ ಕಡಲಿಗ್ ಹೋಯ್ತ್. ನಿಮ್ಗೆ ಮಂಡೆ ಸಮ ಇತ್ತಾ?"

"ನೀವ್ ಆಗ ತಡ ಆಯ್ತ್ ಅಂದೇಳಿ ಬೈದ್ರಿ ಅಲ್ದಾ? ನಂಗೆ ಸಿಟ್ಟ್ ಬಂತ್. ಸಿಟ್ಟಂಗೆ ಹಾಕಿದ್ ಗಂಟ್ ಇದ್. ಮತ್ತೆ ಹಾಕ್ಕ್."

"ಹಾಂಗಾರೆ ನಾಳಿಂದ ಬಪ್ದೇ ಬ್ಯಾಡ. ತಲ್ಲೂರಂಗೆ ಬೇರೆ ಜನ ಸಿಕ್ತ್ರ್."

ಸಣ್ಣ ಮಾತಲ್ಲ ಅದು. ದೇವು ಮನೆಯ ಅರ್ಧ ಊಟ ಇದೊಂದು ಬೋಟಿನದೇ. ಆದರೂ ಐವತ್ತೊಂಬತ್ತರ ಈ ಮನುಷ್ಯ ತಲೆ ಎತ್ತದೆ ಮೊದಲ ಗಂಟಿನಿಂದ ಶುರು ಮಾಡುತ್ತಾರೆ. ಕೈಯ ಜೊತೆಗೇ ಮಾತೂ ಹರಿಯುತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ತಮ್ಮ ಮಂಜನ ಹತ್ತಿರ ಜಗಳಾಡುತ್ತಲೇ ಒಂದು ಬಲೆ ಕಟ್ಟಿದ್ದರಂತೆ. ಸಿಟ್ಟಿನಲ್ಲಿ ಕೈ ಓಡುತ್ತದೆ, ಗಂಟು ಪೂರ್ತಿ ಬಿಗಿಯುವುದಿಲ್ಲ. ಮರುದಿನ ಕಡಲಲ್ಲಿ ಬಲೆ ತುಂಬ ಬಂಗುಡೆ ಮೀನು ಬಿದ್ದು, ಎಳೆಯುವಾಗ ಆ ಗಂಟುಗಳ ಕಡೆಯೇ ಬಾಯಿ ಬಿಟ್ಟಿತು. ಏಳು ಜನ ಬರಿಗೈಯಲ್ಲಿ ಬಂದರು. ಬಂಡೆ ತಾಗಿತು ಅಂದರು ಎಲ್ಲರೂ.

"ನಂಗ್ ಮಾತ್ರ ಗೊತ್ತಿತ್ತ್ ಅಕ್ಕ, ಆ ಗಂಟ್ ನಂದ್. ಯಾರೂ ಕೇಣ್ಲಿಲ್ಲೆ, ನಾನೂ ಹೇಳ್ಲಿಲ್ಲೆ."

ಆ ದಿನ ತಮಗೆ ತಾವೇ ಮಾತು ಕೊಟ್ಟುಕೊಂಡರು, ಸಿಟ್ಟಿನ ಗಂಟು ನೀರಿಗಿಳಿಯಕೂಡದು. ದೇವರ ಮುಂದೆ ಆಣೆಯಿಲ್ಲ, ಸಾಕ್ಷಿಯಿಲ್ಲ. ಹೆಂಡತಿ ವನಜರಿಗೂ ಹತ್ತು ವರ್ಷ ತಿಳಿದಿರಲಿಲ್ಲ. "ಕಟ್ಟೂದ್, ಕಡಿಯೂದ್ ಕಂಡ್, ಇವ್ರಿಗೆ ಕಣ್ ಕಾಂತಿಲ್ಲೆ ಅಂದೇಳಿ ಎಣ್ಸಿದಿದ್ದೆ" ಎಂದು, ಪಕ್ಕದಲ್ಲೇ ದಾರ ಸುತ್ತುತ್ತಿರುವ ಅವರು ನಗುತ್ತಾರೆ.

ದಿನಕ್ಕೆ ಸುಮಾರು ಸಾವಿರ ಗಂಟು. ಮೊದಮೊದಲು ಅದರಲ್ಲಿ ಅರವತ್ತು ಎಪ್ಪತ್ತು ಕಡಿಯಬೇಕಾಗುತ್ತಿತ್ತು. ಈಗ ಐದೋ ಆರೋ. ಇವತ್ತಿನಂಥ ದಿನ ಅಪರೂಪ.

ಸಿಟ್ಟು ಬಂದ ಕೂಡಲೇ ಕೈ ನಿಲ್ಲಿಸಬಹುದಲ್ಲ, ಅಂತ ಕೇಳುತ್ತೇನೆ.

"ಸಿಟ್ಟ್ ಬಂದದ್ ಗೊತ್ತಾಪೊತ್ತಿಗೆ ನಾಕ್ ಗಂಟ್ ಬಿದ್ದಾಯ್ತ್ ಅಕ್ಕ. ಮುಂಚೆ ಐವತ್ತಾದ್ ಮೇಲೆ ಗೊತ್ತಾತಿತ್."

ಐವತ್ತರಿಂದ ನಾಲ್ಕಕ್ಕೆ! ಅಷ್ಟು ದೂರ ನಡೆಯಲು ಇಪ್ಪತ್ತೆರಡು ವರ್ಷ.

ಉಮಾನಾಥ ಇದನ್ನೆಲ್ಲ ನಿಂತೇ ಕೇಳಿದ್ದಾರೆ. ಈ ಬೋಟಿಗೂ ಎಂಟು ಜನ ಹತ್ತುವವರಿದ್ದಾರೆ. ಮಾಲೀಕರೇ ಕೂತು ಬಲೆಯ ಇನ್ನೊಂದು ತುದಿ ಹಿಡಿಯುತ್ತಾರೆ. ಏಳೂವರೆಗೆ, ಎಲ್ಲರಿಗಿಂತ ಕೊನೆಗೆ, ಬೋಟು ಹೊರಡುತ್ತದೆ.

"ದೇವಣ್ಣ, ನಾಳೆ ಬತ್ರ್ಯಾ?" ಉಮಾನಾಥ ಕೇಳುತ್ತಾರೆ.

"ಬತ್ತೆ. ಬೆಳ್ಗಾತ ಬೈಬೇಡಿ, ಆಯ್ತಾ!"

ಏನಾದರೂ ಆಸೆ ಇದೆಯಾ ಅಂದರೆ, ದೇವು ಕಡಿದ ದಾರದ ಚೂರುಗಳನ್ನು ಬಳಿದು ಒಟ್ಟು ಮಾಡುತ್ತಾರೆ.

"ಒಂದ್ ದಿನ ಒಂದೂ ಗಂಟ್ ಕಡೀದೆ ಮನಿಗ್ ಹೋಯ್ಕ್ ಅಂದೇಳಿ ಇತ್ತ್. ಇನ್ನೂ ಆಯ್ಲಿಲ್ಲೆ. ಆ ದಿನ ಬಂದ್ರೂ ಯಾರಿಗೂ ಹೇಳೂದಿಲ್ಲೆ."