ಆಯುಧಪೂಜೆಯ ನೀರು ಮತ್ತು ಪದೇ ಪದೇ ನಿಂತ ಕಂಪ್ಯೂಟರು

“ಆಯುಧಪೂಜೆ ದಿನ ಸೊಸೆ ಕಂಪ್ಯೂಟ್ರಿಗೆ ನೀರು ಚುಮುಕಿಸ್ಬುಟ್ಲು. ಅವತ್ತಿಂದ ಅದು ಕೆಟ್ಟು ಕೂತ್ಕತು.”

ನಮ್ಮ ಮನೆಯ ವಿಷಯವಾಗಿ ಸಿಂಧಘಟ್ಟದಿಂದ ಪಾಂಡವಪುರದ ನೆಂಟರ ಜಗಲಿಯವರೆಗೆ ಇಂದಿಗೂ ಓಡಾಡುತ್ತಿರುವ ಮಾತು ಇದು. ಹೇಳುವವರು ನಗುತ್ತ ಹೇಳುತ್ತಾರೆ, ಕೇಳುವವರು ನಂಬುತ್ತಾರೆ. ನಾನು ಆಗಲೂ ನಂಬಲಿಲ್ಲ. ಹತ್ತು ಮಂದಿ ಒಂದೇ ಮಾತನ್ನಾಡಿದರೆ ಹತ್ತು ಸಾಕ್ಷಿಗಳಾಗುವುದಿಲ್ಲ; ಒಬ್ಬನ ಬಾಯಿಂದ ಒಂಬತ್ತು ಮಂದಿ ಕೇಳಿದ್ದಾರೆ ಎಂದಷ್ಟೇ ಅರ್ಥ.

ನೀರು ಚಿಮುಕಿಸಿದ್ದು ನಿಜ. ಟ್ರಾಕ್ಟರಿಗೆ, ನೇಗಿಲಿಗೆ, ಕುಡುಗೋಲಿಗೆ ಮಾಡಿದಂತೆಯೇ ಅವಳು ಕಂಪ್ಯೂಟರಿಗೂ ಅರಿಶಿನ ಕುಂಕುಮವಿಟ್ಟು, ಚೆಂಡುಹೂವೇರಿಸಿ, ಮಾವಿನೆಲೆಯಿಂದ ಎರಡು ಹನಿ ನೀರು ಹಾಕಿದಳು. ಅದು ಅವಳ ಆಯುಧವೇ ಆಗಿತ್ತು. ಟೈಪಿಂಗ್‌ನಲ್ಲಿ ಸೀನಿಯರ್ ಪಾಸು ಮಾಡಿ ನಮ್ಮ ಮನೆಗೆ ಬಂದವಳು, ತವರಿನವರು ಕೊಟ್ಟ ಹಸುವನ್ನು ಮಾರಿ, ಉಳಿದದ್ದಕ್ಕೆ ಸಾಲ ಮಾಡಿ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಆ ಯಂತ್ರವನ್ನು ತರಿಸಿಕೊಂಡಿದ್ದಳು. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಎಂದು ನಡುಮನೆಯಲ್ಲೇ ಕುಳಿತು ಅಚ್ಚಿಗೆ ಸಿದ್ಧಪಡಿಸಿ ಕೊಡುತ್ತಿದ್ದಳು.

ಯಂತ್ರದ ರೋಗ ಹೀಗಿತ್ತು: ಅಕ್ಷರಗಳು ಮೂಡುತ್ತಿರುವಾಗಲೇ ಪರದೆ ಕಲ್ಲಾಗಿಬಿಡುತ್ತಿತ್ತು. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ಹೊತ್ತಬೇಕಾದ ಕೀಲಿಮಣೆಯ ಪುಟ್ಟ ದೀಪವೂ ಹೊತ್ತದು. ಆರಿಸಿ ಮತ್ತೆ ಹಚ್ಚಿದರೆ ಏಳುತ್ತಿತ್ತು, ಆದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಮಾರಿದ ಅಂಗಡಿಯಿಂದ ರಿಪೇರಿಯವನು ಬಂದ. ಯಂತ್ರದ ಹಣೆಯ ಮೇಲಿನ ಕುಂಕುಮ ನೋಡಿದ ಕೂಡಲೇ ಅವನಿಗೆ ಕಾರಣ ಸಿಕ್ಕಿಬಿಟ್ಟಿತು. “ನೀರು ಹಾಕಿದ್ದೀರಿ. ಇನ್ನು ಗ್ಯಾರಂಟಿ ಅನ್ವಯಿಸೋದಿಲ್ಲ,” ಎಂದು ಹೇಳಿ, ಮುಚ್ಚಳವನ್ನೂ ಬಿಚ್ಚದೆ ಹೋದ.

ಪಾಂಡವಪುರದಲ್ಲಿ ಕೆಲಸಕ್ಕಿದ್ದ ಮಗ ಸಂಜೆ ಬಸ್ಸಿಳಿದು ಬಂದವನು ಅಂಗಿ ಬಿಚ್ಚುವ ಮೊದಲೇ ತೀರ್ಪು ಕೊಟ್ಟ.

“ನಾಗಮಂಗಲದೋರು ಒಬ್ರು ತಗತೀನಿ ಅಂದವ್ರೆ. ಭಾನುವಾರ ಸಾಗಿಸ್ಬುಡ್ತೀನಿ.”

“ಕೆಟ್ಟಿರೋದ್ನ ಅವ್ರ ತಲೆಗೆ ಕಟ್ತೀಯೇನ್ಲಾ?” ಎಂದೆ.

“ಇವಳ ಕೈಗೆ ಇನ್ನೊಂದು ಕೊಟ್ರೂ ಇಂಗೇಯ. ಇವಳಿಗೆ ಕೊಟ್ಟಿಗೆ ಬಾಚಾದೇ ಸರಿ ಬುಡಪ್ಪ.”

ಸೊಸೆ ಮರುದಿನ ಯಂತ್ರದ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿದಳು. ನಾನು ಕರೆದರೆ, “ಬ್ಯಾಡ ಬುಡಿ ಮಾವ. ನಾನು ಮುಟ್ಟಿದ್ಕೇ ಇಷ್ಟಾಯ್ತು,” ಎಂದಳು. ಊರು ಆಡಿಕೊಂಡದ್ದಕ್ಕಿಂತ, ಅದನ್ನು ಅವಳೇ ನಂಬಿದ್ದು ನನ್ನನ್ನು ಹೆಚ್ಚು ಕಂಗೆಡಿಸಿತು. ಭಾನುವಾರ ಆ ಯಂತ್ರ ಹೊಸಿಲು ದಾಟಿದರೆ ಅವಳು ಇನ್ನೆಂದೂ ಅಂಥದ್ದರ ಮುಂದೆ ಕೂರುವವಳಲ್ಲ.

“ಗೌರಿಹಬ್ಬದ ಸುಮಾರಲ್ಲೂ ನಿಂತೋಗಿತ್ತಲ್ಲವ್ವ, ಸಂತೆಬಾಚಹಳ್ಳಿ ಇಸ್ಕೂಲಿನ ಪ್ರಶ್ನೆಪತ್ರಿಕೆ ಹೊಡೀತಿದ್ದಾಗ?” ಎಂದು ಕೇಳಿದೆ.

ಅವಳು ಯೋಚಿಸಿದಳು. “ಊಂ ಮಾವ. ಕರೆಂಟಿಂದು ಅಂತ ಸುಮ್ಕಾದೊ.”

ಅಂದರೆ ನೀರಿಗಿಂತ ರೋಗ ಹಳೆಯದು. ಊರಿನ ಮಾತು ಅಲ್ಲಿಗೇ ಕುಂಟಿತು. ಆದರೆ ಒಂದು ಸುಳ್ಳನ್ನು ಬೀಳಿಸಿದ ಮಾತ್ರಕ್ಕೆ ನಿಜ ಎದ್ದು ನಿಲ್ಲುವುದಿಲ್ಲ. ತಿರುಪು ಬಿಚ್ಚಿ ಒಳಗೆ ನೋಡಿದೆ. ನೀರಿನ ಕಲೆಯಿರಲಿಲ್ಲ, ಕುಂಕುಮದ ಕಣವಿರಲಿಲ್ಲ, ಬರೀ ಧೂಳು. ಕರೆಂಟು ಸರಿಯಿದ್ದ ಹೊತ್ತಿನಲ್ಲಿ ಹಚ್ಚಿ ನೋಡಿದೆ, ಆಗಲೂ ನಿಂತಿತು. ಯಂತ್ರದೊಂದಿಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನನಗೆ ಇಂಗ್ಲಿಷು ಬಂದದ್ದೇ ಹಾಗೆ, ಶಾಲೆಯಿಂದಲ್ಲ. ನೆನಪನ್ನು ಹಿಡಿದಿಡುವ ಎರಡು ಹಸಿರು ಪಟ್ಟಿಗಳು ಒಳಗಿರುತ್ತವೆ, ಅವುಗಳಲ್ಲೊಂದು ಕೆಟ್ಟರೆ ಯಂತ್ರ ಕೆಲಸದ ನಡುವೆಯೇ ನಿಲ್ಲಬಹುದು, ಅವುಗಳನ್ನು ಜೋಡಿಯಾಗಿಯೇ ಕೂರಿಸಬೇಕು, ಒಂಟಿಯಾದರೆ ಯಂತ್ರ ಏಳುವುದಿಲ್ಲ ಎಂದು ಅದರಲ್ಲಿತ್ತು. ಆ ಸಾಲನ್ನು ಓದಿದಾಗ ನನಗೆ ಹೊಲ ನೆನಪಾಯಿತು. ಜೋಡಿ ಸರಿಯಾಗಿ ಎಳೆಯದಿದ್ದರೆ ನಾವು ಎರಡೂ ಎತ್ತಿಗೆ ಬಾರಿಸುವುದಿಲ್ಲ. ಪಕ್ಕದ ಹೊಲದವನ ಗಟ್ಟಿ ಎತ್ತೊಂದನ್ನು ಎರವಲು ತಂದು, ನಮ್ಮವನ್ನು ಒಂದೊಂದಾಗಿ ಅದರ ಜೊತೆ ನೊಗಕ್ಕೆ ಕಟ್ಟಿ ನಾಲ್ಕು ಸಾಲು ಉಳುತ್ತೇವೆ. ಕಳ್ಳೆತ್ತು ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಅದೇ ಜಾತಿಯ ಯಂತ್ರ ಇದ್ದದ್ದು ಕೆ.ಆರ್. ಪೇಟೆಯಲ್ಲಿ, ಸೊಸೆ ಟೈಪಿಂಗ್ ಕಲಿತ ಶಾಲೆಯ ಮೇಷ್ಟ್ರ ಬಳಿ. ಶನಿವಾರ ಬೆಳಿಗ್ಗೆ ಪಟ್ಟಿಗಳೆರಡನ್ನೂ ಕಾಗದದಲ್ಲಿ ಸುತ್ತಿಕೊಂಡು, ಅವಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಮೇಷ್ಟ್ರ ಯಂತ್ರಕ್ಕೂ ಆಯುಧಪೂಜೆಯಾಗಿತ್ತು. ಮೂರು ಪಟ್ಟೆ ವಿಭೂತಿ ಇನ್ನೂ ಅಳಿಸಿರಲಿಲ್ಲ. “ನೀರೂ ಹಾಕಿದ್ರಾ?” ಎಂದು ಕೇಳಿದೆ. “ಹಾಕ್ದೆ ಇರ್ತೀವಾ?” ಎಂದರು. ಆದರೆ ನಾನು ಬಂದ ಕಾರಣ ತಿಳಿದಾಗ ಅವರ ಮುಖ ಬಿಗಿದುಕೊಂಡಿತು.

“ಗೌಡ್ರೆ, ನಿಮ್ಮ ಕಾಯಿಲೆ ಎತ್ತು ತಂದು ನನ್ನ ನೊಗಕ್ಕೆ ಕಟ್ತೀನಿ ಅಂತೀರಲ್ಲ! ಇದೇನಾರ ನೆಗೆದುಬಿದ್ರೆ?”

“ನೆಗೆದುಬಿದ್ರೆ ನಮ್ಮುದ್ನೇ ತಂದು ಇಲ್ಲಿಡ್ತೀನಿ ಕಣ್ರಿ.”

“ಕೆಟ್ಟಿರೋದ್ನ ತಂದು ಮಡಗ್ತಾರಂತೆ. ಏನ್ ಧಾರಾಳ!” ಎಂದು ಗೊಣಗಿದರೂ ತಿರುಪುಳಿ ತಂದುಕೊಟ್ಟರು. “ನೀನೇ ತೆಗಿಯವ್ವ, ನಾನಂತೂ ಮುಟ್ಟಾಕಿಲ್ಲ.”

ಸೊಸೆ ನನ್ನ ಮುಖ ನೋಡಿದಳು. ನಾನು ತಿರುಪುಳಿಯನ್ನು ಅವಳ ಮುಂದೆ ಸರಿಸಿದೆ. ಪುಸ್ತಕದಲ್ಲಿದ್ದಂತೆ ಮೊದಲು, ಕೈಯಲ್ಲಿರುವ ಸಣ್ಣ ಕರೆಂಟು ಇಳಿದುಹೋಗಲೆಂದು ಯಂತ್ರದ ಕಬ್ಬಿಣದ ಮೈ ಮುಟ್ಟಿ, ಎರಡು ಬದಿಯ ಕೊಕ್ಕೆಗಳನ್ನು ಉಗುರಿನಿಂದ ಸರಿಸಿ, ಅವರ ಪಟ್ಟಿಯೊಂದನ್ನು ತೆಗೆದು, ನಮ್ಮ ಮೊದಲನೆಯದನ್ನು ಕೂರಿಸಿದಳು. ಟೈಪು ಮಾಡಲು ಅವಳು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ನಾನು ತಡೆದೆ.

“ಮೇಷ್ಟ್ರೆ, ನೀವೇ ಹೊಡೀರಿ. ಇವಳು ಹೊಡೆದು ನಿಂತ್ರೆ ಮತ್ತೆ ಇವಳ ಕೈ ಮೇಲೇ ಹಾಕ್ತಾರೆ.”

ಮೇಷ್ಟ್ರು ಹೊಡೆದರು. ಪುಟದ ಮೇಲೆ ಪುಟ ತುಂಬಿತು, ಯಂತ್ರ ನಿಲ್ಲಲಿಲ್ಲ. ಪಟ್ಟಿಗಳದ್ದಲ್ಲವಾದರೆ ರೋಗ ಇನ್ನೆಲ್ಲಿ ಎಂಬ ಯೋಚನೆ ನನಗೆ ಹತ್ತಿತು. ಮೊದಲನೆಯದನ್ನು ತೆಗೆದು ಎರಡನೆಯ ಪಟ್ಟಿಯನ್ನು ಕೂರಿಸಿದ್ದಾಯಿತು. ಮೇಷ್ಟ್ರು ಮತ್ತೆ ಹೊಡೆಯತೊಡಗಿದರು. ಮೊದಲ ಪುಟ ದಾಟಿತು. ಎರಡನೆಯ ಪುಟದ ನಡುವೆ, ಒಂದು ಪದ ಅರ್ಧಕ್ಕೆ ಬಂದಾಗ, ಅವರ ಬೆರಳುಗಳು ಓಡುತ್ತಲೇ ಇದ್ದವು, ಅಕ್ಷರಗಳು ಬರಲಿಲ್ಲ.

ಅವರು ಕ್ಯಾಪ್ಸ್ ಲಾಕ್ ಕೀಲಿ ಒತ್ತಿದರು, ದೀಪ ಹೊತ್ತಲಿಲ್ಲ. ಮತ್ತೆ ಒತ್ತಿದರು. “ಅಯ್ಯಯ್ಯೋ, ನಂದೂ ಹೋಯ್ತಲ್ಲ ಗೌಡ್ರೆ!”

ನಾನು ಅವರ ಹೆಗಲ ಮೇಲಿಂದ ಪರದೆಯ ಕಡೆಗೆ ಬಗ್ಗಿದೆ. ಸೊಸೆ ಮಾತ್ರ ಆಗಲೇ ಸ್ವಿಚ್ಚು ಆರಿಸಿದ್ದಳು. ಅವರ ಪಟ್ಟಿಯನ್ನು ಅದರ ಜಾಗಕ್ಕೆ ಮರಳಿಸಿ ಹಚ್ಚಿದಳು. ಕಪ್ಪು ಪರದೆಯನ್ನು ಮೂವರೂ ನೋಡುತ್ತ ನಿಂತೆವು. ಅಕ್ಷರಗಳು ಬಂದವು. ಯಂತ್ರ ಎಂದಿನಂತೆ ನಡೆಯಿತು.

“ಸಾಕು, ಎತ್ಕಂಡು ಹೋಗಿ,” ಎಂದರು ಮೇಷ್ಟ್ರು.

“ಇಲ್ಲ ಮೇಷ್ಟ್ರೆ. ಇನ್ನೊಂದ್ಸಲ ಹಾಕ್ತೀನಿ,” ಎಂದಳು ಸೊಸೆ. “ಒಂದ್ಸಲ ನಿಂತ್ರೆ ಏನೋ ಆಗಿತ್ತು ಅಂತಾರೆ.”

ನಾನು ಹೇಳಬೇಕೆಂದಿದ್ದ ಮಾತನ್ನು ಅವಳೇ ಆಡಿದ್ದಳು. ಮೇಷ್ಟ್ರು ಬೈದುಕೊಳ್ಳುತ್ತಲೇ ಮತ್ತೆ ಕುಳಿತರು. ಯಂತ್ರ ಮತ್ತೆ ನಿಂತಿತು.

ಭಾನುವಾರ ಅದು ನಾಗಮಂಗಲಕ್ಕೆ ಹೋಗಲಿಲ್ಲ. ಮೇಷ್ಟ್ರ ಎದುರಿಗೆ ನಡೆದದ್ದನ್ನು ಕೇಳಿದ ಮೇಲೆ ಅಂಗಡಿಯವರು ಆ ಪಟ್ಟಿಯನ್ನು ಬದಲಿಸಿಕೊಟ್ಟರು. ಮಗ ತಪ್ಪಾಯಿತೆನ್ನಲಿಲ್ಲ; ಹೊದಿಸಿದ್ದ ಸೀರೆಯನ್ನು ಮಡಿಸಿ ಪೆಟ್ಟಿಗೆಯ ಮೇಲಿಟ್ಟ. ಸೊಸೆ ಕೆಲಸಕ್ಕೆ ಕುಳಿತಳು. ಊರಿನ ಮಾತು ಮಾತ್ರ ಬದಲಾಗಲಿಲ್ಲ, ಹಸಿರು ಪಟ್ಟಿಯ ಕತೆಗಿಂತ ಕುಂಕುಮದ ಕತೆ ಹೇಳಲು ಚೆಂದ.

ನನ್ನ ಮಾತನ್ನೂ ಸುಮ್ಮನೆ ನಂಬಬೇಕಾಗಿಲ್ಲ. ಮೇಷ್ಟ್ರು ಇನ್ನೂ ಇದ್ದಾರೆ. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟೈಪಿಂಗ್ ಮೇಷ್ಟ್ರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅಂದು ಕೀಲಿಮಣೆಯ ಮೇಲೆ ಇದ್ದದ್ದು ಯಾರ ಕೈ ಎಂದು ಅವರನ್ನೇ ಕೇಳಬಹುದು. ಈಗ ಅವರ ಕಿವಿ ತುಸು ಮಂದ, ಜೋರಾಗಿ ಕೇಳಬೇಕು.