ಸಬೀಹಾ ಎಂಬ ಮೂರಕ್ಷರ

ಹೊಸ ಅರಳೆಯ ವಾಸನೆ ಎಲ್ಲಿ ಮೂಗಿಗೆ ತಾಕಿದರೂ ನನಗೆ ಬೈಲಹೊಂಗಲದ ನಮ್ಮ ಪಡಸಾಲೆ ಕಾಣುತ್ತದೆ. ಬಿಸಿಲಿಗೆ ಕಾದ ಬೀಜದ್ದೋ ಮಣ್ಣಿನದೋ ತಿಳಿಯದ ಆ ಒಣ ವಾಸನೆಯ ನಡುವೆ ಅಜ್ಜ ಕೂತು ಅರಳೆ ಹಿಂಜುತ್ತಿದ್ದ. ಹಿಂಜುವ ಬಿಲ್ಲಿನ ನರ ಝುಂಯ್ ಎಂದಾಗಲೆಲ್ಲ ಎಳೆಗಳು ಹಾರಿ ಅವನ ಹುಬ್ಬು, ಗಡ್ಡ, ಕೊನೆಗೆ ನಮ್ಮ ತಟ್ಟೆಯ ರೊಟ್ಟಿಯ ಮೇಲೂ ಕೂರುತ್ತಿದ್ದವು. ಆ ತೊಂಬತ್ತರ ದಶಕದಲ್ಲಿ ಗಾದಿ ಹೊಲಿಸಲು ಬರುವವರಷ್ಟೇ ಜನ ಹೆಸರು ಕೇಳಲು ಬರುತ್ತಿದ್ದರು. ಹೂಲಿಯಿಂದ, ಉಗರಗೋಳದಿಂದ ಕೂಸುಗಳನ್ನೆತ್ತಿಕೊಂಡು ಬಂದು ಕಟ್ಟೆಯ ಮೇಲೆ ಕಾಯುತ್ತಿದ್ದರು. ಮನೆಯಲ್ಲಿ ನಾವು ಆಡುತ್ತಿದ್ದುದು ಕನ್ನಡವೇ. ಅರಬ್ಬಿಯನ್ನು ಅಜ್ಜ ಎಳವೆಯಲ್ಲಿ ಮಸೀದಿಯಲ್ಲಿ ಕಲಿತಿದ್ದ. ಕೂಸಿನ ಮುಖವನ್ನು ಬಹಳ ಹೊತ್ತು ನೋಡಿ, ಹೆಸರು ಹೇಳಿ, ಅರ್ಥ ಬಿಡಿಸಿ ಕಳಿಸುತ್ತಿದ್ದ. ಯಾರಾದರೂ ಹೆಸರು ಕೆಡಿಸಿ ಕರೆದರೆ ಅವನಿಗೆ ಸೇರುತ್ತಿರಲಿಲ್ಲ. ಅಜ್ಜಿಯ ಫಾತಿಮಾ ಎಂಬ ಹೆಸರು ಓಣಿಯವರ ಬಾಯಲ್ಲಿ ಪಾತವ್ವ ಆದದ್ದಕ್ಕೆ ಮಾತ್ರ ಅವನ ತಕರಾರಿರಲಿಲ್ಲ. "ಪ್ರೀತಿಲೆ ಸವದದ್ದು ಬ್ಯಾರೆ, ಅಲಕ್ಷ್ಯದಿಂದ ಕೆಟ್ಟದ್ದು ಬ್ಯಾರೆ" ಎನ್ನುತ್ತಿದ್ದ.

ನನಗೆ ಅವನಿಟ್ಟ ಹೆಸರು ಸಬೀಹಾ, ಮುಂಜಾವಿನಂತೆ ಬೆಳಗುವವಳು. ನಾಲ್ಕನೆಯ ಇಯತ್ತೆಯ ಅಂಕಪಟ್ಟಿ ತಂದ ದಿನ ಅದನ್ನೋದುತ್ತಲೇ ಅವನ ಮುಖ ಬಾಡಿತು. ಶಾಲೆಯವರು ನನ್ನನ್ನು 'ಸಬಿಯಾ' ಎಂದು ಬರೆದುಕೊಂಡಿದ್ದರು. ಹಾಗೆಂದರೆ ಏನೆಂದು ಕೇಳಿದೆ. "ಲಡಾಯ್ಯಾಗ ಸೆರಿ ಹಿಡದು ತಂದ ಹೆಣ್ಣು" ಎಂದ. ಅವತ್ತು ಅವನು ಉಣ್ಣಲಿಲ್ಲ.

ಮರುದಿನ ಗಡ್ಡದ ಅರಳೆಯನ್ನೂ ಕೊಡವದೆ ನನ್ನ ಕೈ ಹಿಡಿದು ಶಾಲೆಗೆ ನಡೆದ. ಹೆಡ್ಮಾಸ್ತರರು ನಕ್ಕರು. "ಒಂದಕ್ಷರಕ್ಕ ಇಷ್ಟ್ಯಾಕ ತ್ರಾಸ ತಗೋತೀರಿ ಅಜ್ಜಾರ?"

"ನಿಮ್ಮ ಮಗಳ ಹೆಸರೇನ್ರಿ ಸರ?" ಅಜ್ಜ ಕೇಳಿದ.

"ಮಂಗಳಾ."

"ಕಡೀ ಅಕ್ಷರ ಬಿಟ್ಟು ಬರದು ನೋಡ್ರಿ."

ಮಾಸ್ತರರ ನಗು ನಿಂತಿತು. ಎದ್ದು, ಕುರ್ಚಿ ಸರಿಸಿ, "ಕುಂದರ್ರಿ" ಎಂದರು. ಆದರೆ ತಿದ್ದಲು ಅವರಿಗೆ ನನ್ನ ಜನನ ಪ್ರಮಾಣಪತ್ರ ಬೇಕಿತ್ತು. ಅಜ್ಜ ಆ ಬೇಸಿಗೆಯೆಲ್ಲ ಕಚೇರಿಯಿಂದ ಕಚೇರಿಗೆ ಅಲೆದ. ಜೂನಿನಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿದ ನನ್ನ ಹೆಸರನ್ನು ಬೆರಳಿಟ್ಟು ಓದಿ, "ಈಗ ಹೋಗಿ ಕಲಿ" ಎಂದ.

ಆಮೇಲೆ ಫೋಮಿನ ಗಾದಿಗಳು ಬಂದವು, ಪಡಸಾಲೆ ಬರಿದಾಯಿತು. ನಾನು ಕಾಲೇಜು ಸೇರಿದ ವರ್ಷ ಅಜ್ಜ ತೀರಿಕೊಂಡ. ಮರಣ ದಾಖಲೆ ಬರೆಸಲು ಅಪ್ಪನ ಜೊತೆ ಹೋದಾಗ ಗುಮಾಸ್ತ, "ಹೆಸರು ಸರಿಯಾಗಿ ಹೇಳ್ರಿ" ಎಂದ. ಊರಿಗೆ ಅವನು ಗಾದಿ ಅಜ್ಜ. ರೇಷನ್ ಕಾರ್ಡಿನಲ್ಲಿ ಗೈಬುಸಾಬ. ಅದು ಗೈಬೋ, ಘೈಬೋ? ನಮಗಿಬ್ಬರಿಗೂ ತಿಳಿಯದು; ಅಪ್ಪ ಕಾರ್ಡನ್ನೇ ಗುಮಾಸ್ತನ ಮುಂದೆ ಸರಿಸಿದ. ಅಷ್ಟು ಕೂಸುಗಳ ಹೆಸರಿಗೆ ಅರ್ಥ ಹೇಳಿದವನನ್ನು ಅವನ ಹೆಸರಿನ ಅರ್ಥ ನಾವ್ಯಾರೂ ಕೇಳಿರಲೇ ಇಲ್ಲ. ನಿಮ್ಮ ಮನೆಯಲ್ಲೂ ಹೀಗೆ ಕೇಳದೆ ಉಳಿದ ಮಾತೊಂದು ಇದ್ದೀತು.

ಎಷ್ಟೋ ವರ್ಷಗಳ ನಂತರ ರಾಮದುರ್ಗದಲ್ಲಿ ವಯಸ್ಸಾದ ಮೌಲವಿಯೊಬ್ಬರನ್ನು ಕೇಳಿದೆ. "ಗೈಬ್ ಅಂದ್ರ ಕಣ್ಣಿಗೆ ಕಾಣದ್ದು, ತಂಗಿ," ಎಂದರು ಅವರು. "ಅದು ಇರತೈತಿ. ನಮಗ ಕಾಣೂದಿಲ್ಲ, ಅಷ್ಟ."