ಕೊನೆಯ ಓವರ್ ಯಾರಿಗೆ

ನಮ್ಮ ಹೊನ್ನಾವರದ ಟೆನಿಸ್‌ಬಾಲ್ ಕ್ರಿಕೆಟ್ ತಂಡದ ಮ್ಯಾನೇಜರ್ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಪಂದ್ಯ ನಡೆಯುವಾಗ ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ಬೌಂಡರಿಯುದ್ದಕ್ಕೂ ಓಡಾಡುತ್ತ, ಬ್ಯಾಟ್ ಹಿಡಿದವನ ಕಾಲನ್ನೇ ಗಮನಿಸುತ್ತಿದ್ದರು. ಏನು ಕೇಳಿದರೂ, "ತಡಿ, ಅವ್ನ ಕಾಲು ನೋಡ್ವ" ಎನ್ನುತ್ತಿದ್ದರು.

ಕುಮಟಾದಲ್ಲಿ ನಡೆದ ಸೆಮಿಫೈನಲ್. ಭಟ್ಕಳದ ತಂಡಕ್ಕೆ ಕೊನೆಯ ಓವರಿನಲ್ಲಿ ಏಳು ರನ್ ಬೇಕಿತ್ತು. ಆಗಲೇ ಮೂರು ವಿಕೆಟ್ ಕಿತ್ತಿದ್ದ ನಾನು ಚೆಂಡು ಹಿಡಿದು ನಿಂತಿದ್ದೆ. ಮ್ಯಾನೇಜರ್ ದೂರದಿಂದಲೇ ಕ್ಯಾಪ್ಟನ್‌ಗೆ ಸನ್ನೆ ಮಾಡಿ, ಚೆಂಡನ್ನು ನಮ್ಮದೇ ತಂಡದ, ನಲವತ್ತು ದಾಟಿದ ಮೀನುಗಾರನಿಗೆ ಕೊಡಿಸಿದರು. ನಾವೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದೆವು. ಬಲೆ ಎಳೆದೆಳೆದು ಭುಜ ಸೋತಿದ್ದ ಅಣ್ಣನಿಗೆ ಈಗ ನಿಧಾನದ ಬೌಲಿಂಗ್ ಮಾತ್ರ ಸಾಧ್ಯವಿತ್ತು.

ನಾನು ಬೌಂಡರಿಗೇ ಹೋಗಿ, "ನಂಗೆ ಎಂತಕೆ ಇಲ್ಲ?" ಎಂದು ಜಗಳಕ್ಕೆ ನಿಂತೆ.

"ಅವ ಕಾಲು ಹಿಂದಿಟ್ಟು ನಿನ್ನ ಸ್ಪೀಡಿಗೇ ಕಾಯ್ತಾ ಇದ್ದ ಮಾರಾಯ. ನೀ ಇಲ್ಲೇ ನಿಲ್ಲು. ಕ್ಯಾಚು ಈ ಬದಿಗೇ ಬತ್ತದೆ" ಎಂದರು.

ಅಣ್ಣನ ಐದು ಚೆಂಡುಗಳಲ್ಲಿ ಬಂದದ್ದು ನಾಲ್ಕೇ ರನ್. ಆರನೆಯದು ತೇಲುತ್ತ ಹೋಯಿತು. ತಾಳ್ಮೆಗೆಟ್ಟ ಬ್ಯಾಟ್ಸ್‌ಮನ್ ಮೊದಲೇ ಬೀಸಿದ. ಚೆಂಡು ಆಕಾಶಕ್ಕೆ ಚಿಮ್ಮಿ ನನ್ನತ್ತಲೇ ಇಳಿಯಿತು. ಎರಡು ಹೆಜ್ಜೆ ಹಿಂದೆ ಸರಿದು ಹಿಡಿದೆ.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಓಡಿಹೋಗಿ ಅಣ್ಣನನ್ನು ಹೆಗಲ ಮೇಲೆ ಹೊತ್ತು ಕುಣಿದೆ. ಮೈದಾನವಿಡೀ ಕೂಗುತ್ತಿದ್ದಾಗ ಮ್ಯಾನೇಜರ್ ಹತ್ತಿರ ಬಂದು ನನ್ನ ಬೆನ್ನು ತಟ್ಟಿದರು.

"ಆತು, ಮೆಲ್ಲಗೆ ಇಳ್ಸು. ಸಂಜಿ ಫೈನಲ್ಲಿಗೆ ನೀವಿಬ್ರೂ ಬೇಕು."